ಮಾವನ ಹಕ್ಕಿ, ಅಳಿಯನ ಹಕ್ಕಿ

ಎಳ್ಳುಕಾಳಿನಷ್ಟು ಗಾತ್ರದ ಒಂದು ಹಕ್ಕಿ ಮನುಷ್ಯನ ನೌಕರಿಗೆ ಸಂಚಕಾರ ತಂದೀತೆಂದರೆ ಯಾರೂ ನಂಬಲಾರರು. ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಚೀಟಿಯಪ್ಪನೂ ನಂಬಿರಲಿಲ್ಲ.

ಚೀಟಿಯಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಳಲ್ಲಿ ವಸ್ತುವಿನ ಪಕ್ಕಕ್ಕೆ ಒಂದು ಸಣ್ಣ ಚೀಟಿ ಇರುತ್ತದಲ್ಲ, ‘ತಾಮ್ರದ ದೀಪ, ಇನ್ನೂರು ವರ್ಷ ಹಳೆಯದು, ಹಿಡಿ ಮುರಿದಿದೆ’ ಎಂದು, ಅದನ್ನು ಬರೆಯುವುದು ಅವನ ಕೆಲಸ. ದುಂಡನೆಯ ಅಕ್ಷರ, ಕಾಗುಣಿತದ ತಪ್ಪು ಹುಡುಕಿದರೂ ಸಿಗದು. ಹನ್ನೊಂದು ವರ್ಷದಿಂದ ಬರೆಯುತ್ತಿದ್ದಾನೆ, ಹನ್ನೊಂದು ವರ್ಷದಿಂದಲೂ ಹಂಗಾಮಿ ನೌಕರ. “ಅಲ್ಲಿ ಬಾಯಿ ಒಡೆದ ಮಡಕೆಗೂ ಒಂದು ಜಾಗ ಅಂತ ಇದೆ, ನನಗಿಲ್ಲ” ಎಂದು ಅವನು ಮನೆಯಲ್ಲಿ ಹೇಳಿಕೊಳ್ಳುವುದುಂಟು. “ಅದಕ್ಕೆ ಬಾಯಿಯಾದರೂ ಇದೆಯಲ್ಲ, ಒಡೆದಿದ್ದರೂ” ಎನ್ನುತ್ತಾಳೆ ಹೆಂಡತಿ.

ಆ ವಾರದ ಮೊದಲಲ್ಲಿ ಒಬ್ಬ ಅಜ್ಜಿ ಕರವಸ್ತ್ರದಲ್ಲಿ ಸುತ್ತಿದ ಬೆಳ್ಳಿ ಕಡಗವೊಂದನ್ನು ತಂದು ಕ್ಯೂರೇಟರ್ ಸಾಹೇಬರ ಮೇಜಿನ ಮೇಲಿಟ್ಟರು.

“ಇದನ್ನ ಯಾರು ಮಾಡಿದ್ದು ಅಂತ ನೋಡಿ ಹೇಳಿ ಸ್ವಾಮಿ. ಮನೇಲಿ ಇಬ್ಬರು ಸೊಸೆಯಂದಿರು. ಅದು ಆ ದೊಡ್ಡ ಅಕ್ಕಸಾಲಿಯ ಕೈಕೆಲಸ, ನನಗೆ ಸೇರಬೇಕು ಅಂತ ಇಬ್ಬರೂ ಜುಟ್ಟು ಹಿಡಿದುಕೊಂಡಿದ್ದಾರೆ. ಗುರುವಾರ ನಾಲ್ಕು ಗಂಟೆಗೆ ಬಂದು ತಗೊಂಡು ಹೋಗ್ತೀನಿ.”

ದೊಡ್ಡ ಅಕ್ಕಸಾಲಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕ್ಯೂರೇಟರ್ ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು.

ಅದಕ್ಕೆ ಕಾರಣವಿತ್ತು. ನೂರೈವತ್ತು ವರ್ಷಗಳ ಹಿಂದೆ ಆ ಸೀಮೆಯಲ್ಲಿ ಹೆಸರುವಾಸಿಯಾದ ಒಬ್ಬ ಅಕ್ಕಸಾಲಿಯಿದ್ದ. ತಾನು ಮಾಡಿದ ಒಡವೆಯ ಒಳಮೈಯಲ್ಲಿ, ಬೆಸುಗೆಯ ಪಕ್ಕಕ್ಕೇ, ಉಕ್ಕಿನ ಅಚ್ಚಿನಿಂದ ಒಂದು ಪುಟ್ಟ ಹಕ್ಕಿಯನ್ನು ಒತ್ತುತ್ತಿದ್ದ. ಅದು ಅವನ ರುಜು. ಹಕ್ಕಿ ಬಲಕ್ಕೆ ನೋಡುತ್ತಿತ್ತು. ಅವನ ಅಳಿಯ ಅವನ ಹತ್ತಿರವೇ ಕೆಲಸ ಕಲಿತು, ಕಡೆಗೊಂದು ದಿನ ಯಾವುದೋ ಮಾತಿಗೆ ಮುನಿಸಿಕೊಂಡು, ಎದುರುಗಡೆಯೇ ಅಂಗಡಿ ಹಾಕಿದ. ಅವನೂ ಹಕ್ಕಿಯನ್ನೇ ಒತ್ತಿದ. ಆದರೆ ಮಾವನ ಮುಖ ನೋಡಲಾರೆನೆಂದು ಹಕ್ಕಿಯನ್ನು ಎಡಕ್ಕೆ ತಿರುಗಿಸಿದ. ಮಾವ ಮಾಡಿದ ಒಡವೆಗಳು ಈಗ ಎಲ್ಲ ಸೇರಿ ಏಳೋ ಎಂಟೋ ಉಳಿದಿವೆ. ಅಳಿಯನವು ಹಾಗಲ್ಲ. ಯಾವ ಮನೆಯ ಬೀರು ತೆಗೆದರೂ ಒಂದು ಉರುಳಿ ಬೀಳುತ್ತದೆ. ಅವನು ಕೆಲಸದಲ್ಲಿ ಮಾವನಿಗಿಂತ ಕಡಿಮೆ, ಶ್ರಮದಲ್ಲಿ ಹೆಚ್ಚು.

“ಬಲಕ್ಕೋ ಎಡಕ್ಕೋ, ಅಷ್ಟು ಓದಿ ಹೇಳಿ ಸಾಕು” ಎಂದರು ಕ್ಯೂರೇಟರ್ ಸಾಹೇಬರು ಚೀಟಿಯಪ್ಪನಿಗೆ. “ಮುದ್ರೆ ಓದಬಲ್ಲವನಿಗೇ ಖಾಯಂ ಹುದ್ದೆ ಅಂತ ಕಮಿಟಿ ಹೇಳಿಬಿಟ್ಟಿದೆ. ನಿಮ್ಮ ಆರ್ಡರ್ ಟೈಪಾಗಿ ನನ್ನ ಡ್ರಾಯರಲ್ಲಿ ಮಲಗಿದೆ. ಎಬ್ಬಿಸೋದು ನಿಮ್ಮ ಕೈಲಿದೆ.”

“ಆಗಲಿ ಸರ್.”

“ಇನ್ನೊಂದು ಮಾತು. ಹೋದ ವರ್ಷ ಯಾರೋ ಒಬ್ಬ ಮಹಾನುಭಾವ ಮಾಡಿದ ಹಾಗೆ ಮೇಣ ಒತ್ತಬೇಡಿ, ಕೀಳೋಕೆ ಎರಡು ತಿಂಗಳು ಹಿಡೀತು. ಮಸಿ ಹಿಡಿಸಬೇಡಿ. ಸಾಬೂನು ಮುಟ್ಟಿಸಬೇಡಿ. ಬರೀ ಕಣ್ಣು, ಬರೀ ಭೂತಗನ್ನಡಿ.”

ಸವೆದ ಮುದ್ರೆ ಓದುವವರಿಗೆ ಇರುವ ಉಪಾಯಗಳೇ ಮೂರು: ಮೇಣ, ಮಸಿ, ಸಾಬೂನು. ಈಜಲು ಹೇಳಿ ನೀರಿಗಿಳಿಯಬೇಡ ಎಂದ ಹಾಗಾಯಿತು ಎಂದು ಚೀಟಿಯಪ್ಪನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಎರಡು ದಿನ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ಕಣ್ಣ ಸುತ್ತ ಕಪ್ಪು ಉಂಗುರ ಬಿತ್ತೇ ಹೊರತು ಹಕ್ಕಿ ಕಾಣಲಿಲ್ಲ. ಬೆಸುಗೆಯ ಪಕ್ಕಕ್ಕೆ ಏನೋ ಒಂದು ತಗ್ಗು ಇತ್ತು. ಬೆಳಕು ಈ ಕಡೆಯಿಂದ ಬಿದ್ದರೆ ಹಕ್ಕಿ, ಆ ಕಡೆಯಿಂದ ಬಿದ್ದರೆ ಎಲೆ, ನೆತ್ತಿಯ ಮೇಲಿಂದ ಬಿದ್ದರೆ ಕ್ಯೂರೇಟರ್ ಸಾಹೇಬರ ಮೂಗು.

ಗುರುವಾರ ಬೆಳಿಗ್ಗೆ ಅವನಿಗೆ ಹಿಂದೆಂದೋ ಒಬ್ಬ ಮುದಿ ಅಕ್ಕಸಾಲಿ ಹೇಳಿದ್ದ ಮಾತು ನೆನಪಾಯಿತು. ಕಣ್ಣಿಗೆ ಕಾಣದ ಮುದ್ರೆಯನ್ನು ಮುಂಗೈಯ ಒಳಭಾಗದ ಮೆತ್ತನೆಯ ಚರ್ಮಕ್ಕೆ ಬಲವಾಗಿ ಒತ್ತಿ ಹಿಡಿಯಬೇಕು, ನೂರು ಎಣಿಸಿ ತೆಗೆಯಬೇಕು, ಚರ್ಮದ ಮೇಲೆ ಗೆರೆ ಗೆರೆಯೂ ಮೂಡುತ್ತದೆ ಎಂದು. ಸಾಹೇಬರು ಮೇಣ ಬೇಡ ಎಂದಿದ್ದರು, ಮಸಿ ಬೇಡ ಎಂದಿದ್ದರು, ಸಾಬೂನು ಬೇಡ ಎಂದಿದ್ದರು. ಚರ್ಮದ ಸುದ್ದಿಯನ್ನು ಅವರು ಎತ್ತಿರಲಿಲ್ಲ.

ಚೀಟಿಯಪ್ಪ ಬಾಗಿಲು ಮುಂದೆ ಮಾಡಿ ಎಡಗೈಯ ಅಂಗಿ ಮಡಚಿ ಕಡಗವನ್ನು ಒತ್ತಿದ. ನೂರು ಎಣಿಸಿದ. ಒಂದು ಕೊಕ್ಕು ಮೂಡಿತು, ಮೂಡಿದ್ದೇ ಮಾಯವಾಯಿತು. ಮತ್ತೆ ಒತ್ತಿದ. ಈ ಸಲ ಬಾಲ. ಕೈ ನಡುಗುವುದರಿಂದ ಹೀಗಾಗುತ್ತಿದೆ, ಕಡಗವನ್ನು ತೊಟ್ಟುಕೊಂಡುಬಿಟ್ಟರೆ ಅದು ತಾನಾಗಿಯೇ ಅಲುಗದೆ ಒತ್ತಿಕೊಂಡಿರುತ್ತದೆ ಎಂಬ ಬುದ್ಧಿವಂತಿಕೆಯ ಯೋಚನೆ ಅವನಿಗೆ ಹೊಳೆದದ್ದು ಆಗಲೇ. ಬೆರಳುಗಳನ್ನು ಮುದುಡಿ, ಹಲ್ಲು ಕಚ್ಚಿ, ಗೆಣ್ಣುಗಳ ಮೇಲಿಂದ ಕಡಗವನ್ನು ತೂರಿಸಿದ. ಒಳಗೆ ಹೋಯಿತು. ಮಣಿಕಟ್ಟಿನ ಮೇಲೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬೆಸುಗೆಯನ್ನು ಒಳಭಾಗಕ್ಕೆ ತಿರುಗಿಸಿ, ಮೇಲಿಂದ ಅದುಮಿ, ಐನೂರರವರೆಗೆ ಎಣಿಸಿದ.

ಆಮೇಲೆ ತೆಗೆಯಲು ಹೋದ. ಬರಲಿಲ್ಲ.

ಮೊದಲು ಅವನು ಮರ್ಯಾದಸ್ಥನ ಹಾಗೆ ನಿಧಾನವಾಗಿ ಎಳೆದ. ನಂತರ ಸ್ವಲ್ಪ ಮರ್ಯಾದೆ ಬಿಟ್ಟು ಎಳೆದ. ಕಾಲು ಗಂಟೆಯಾದ ಮೇಲೆ ಕಡಗವನ್ನು ಮೇಜಿನ ಅಂಚಿಗೆ ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು, ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿ ಎಳೆಯುತ್ತಿದ್ದಾಗ ಬಾಗಿಲು ತೆರೆಯಿತು. ಟಿಕೆಟ್ ಕೊಡುವ ಹೆಂಗಸು, ಎಲ್ಲರೂ ಟಿಕೆಟ್ ಅಕ್ಕ ಎನ್ನುವವಳು, ಚಹಾ ಹಿಡಿದುಕೊಂಡು ನಿಂತಿದ್ದಳು.

“ಇದೇನು ಚೀಟಿಯಪ್ಪ, ಮೇಜಿನ ಜೊತೆ ಜಗಳ?”

“ಏನಿಲ್ಲ ಅಕ್ಕ.”

“ಕೈಯಲ್ಲಿ ಕಡಗ ಇದೆ.”

“ಇದೆ ಅಕ್ಕ.”

“ಬರ್ತಿಲ್ಲ.”

“ಬರ್ತಿಲ್ಲ ಅಕ್ಕ. ದಯವಿಟ್ಟು ಯಾರಿಗೂ ಹೇಳಬೇಡಿ.”

ಟಿಕೆಟ್ ಅಕ್ಕ ಯಾರಿಗೂ ಹೇಳಲಿಲ್ಲ. ಕಾವಲುಗಾರನಿಗೆ ಮಾತ್ರ ಹೇಳಿದಳು, ಯಾಕೆಂದರೆ ಅವನು ಕಾರ್ಖಾನೆಯಲ್ಲಿ ಹತ್ತು ವರ್ಷ ಪೈಪು ಬಿಚ್ಚಿದವನು. ಕಾವಲುಗಾರ ಬಂದು ಕೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. ತುಕ್ಕು ಹಿಡಿದಿಲ್ಲವಾದ್ದರಿಂದ ಕಷ್ಟವಿಲ್ಲ ಎಂದು ತೀರ್ಮಾನ ಕೊಟ್ಟ.

“ಅಕ್ಕ, ನೀವು ಅವರ ಸೊಂಟ ಗಟ್ಟಿಯಾಗಿ ಹಿಡ್ಕೊಳ್ಳಿ.”

“ನಾನ್ಯಾಕೆ ಅವರ ಸೊಂಟ ಹಿಡೀಲಿ? ಕಿಟಕಿ ಸರಳು ಹಿಡ್ಕೊಳ್ಳಲಿ.”

ಚೀಟಿಯಪ್ಪ ಕಿಟಕಿಯ ಸರಳು ಹಿಡಿದುಕೊಂಡ. ಕಾವಲುಗಾರ ಎಳೆದ. ಕಡಗ ಬರಲಿಲ್ಲ, ಸರಳು ಬಂತು. ಇಬ್ಬರೂ ಹಿಂದಕ್ಕೆ ಬಿದ್ದ ಸದ್ದಿಗೆ, ಪಕ್ಕದ ಕೋಣೆಯಲ್ಲಿ ಹಳೆಯ ಕತ್ತಿಗಳನ್ನು ನೋಡುತ್ತಿದ್ದ ಕನ್ನಡಕದ ಮುದುಕರೊಬ್ಬರು ಬಂದು ಬಾಗಿಲಲ್ಲಿ ಇಣುಕಿದರು.

“ಇಲ್ಲೇನು ಇಟ್ಟಿದ್ದೀರಿ?”

“ಇದು ಪ್ರದರ್ಶನಕ್ಕಿಲ್ಲ, ಮುಂದೆ ಹೋಗಿ” ಎಂದ ಕಾವಲುಗಾರ, ನೆಲದ ಮೇಲೆ ಮಲಗಿದ್ದಲ್ಲಿಂದಲೇ.

ಟಿಕೆಟ್ ಅಕ್ಕ ಕೈತೊಳೆಯುವ ಸಾಬೂನು ತಂದಳು. ಸಾಹೇಬರು ಸಾಬೂನು ಮುಟ್ಟಿಸಬಾರದು ಎಂದಿದ್ದಾರೆ ಎಂದು ಚೀಟಿಯಪ್ಪ ಗೋಗರೆದ. “ಸಾಹೇಬರ ಕೈ ಸಿಕ್ಕಿಕೊಂಡಿದ್ದರೆ ಆಗ ಹೇಳ್ತಿದ್ದರಾ?” ಎಂದು ಅವಳು ಮೊಣಕೈವರೆಗೆ ನೊರೆ ಬರಿಸಿದಳು. ಸಾಬೂನಿನಿಂದ ಆಗದ್ದು ಎಣ್ಣೆಯಿಂದ ಆದೀತೆಂದು ಕಾವಲುಗಾರ ಬಾಗಿಲ ಕೀಲಿಗೆ ಹಾಕುವ ಎಣ್ಣೆ ಸುರಿದ. ಎರಡೂ ಸೇರಿ ಬೂದು ಬಣ್ಣದ ಒಂದು ಪಾಕವಾಯಿತು. ಅಷ್ಟು ಹೊತ್ತಿಗೆ ಕೈ ಊದಿಕೊಂಡು ಬೇರೆ ಯಾರದೋ ದಪ್ಪ ಮನುಷ್ಯನ ಕೈಯಂತೆ ಕಾಣತೊಡಗಿತ್ತು. ಕಡಗ ಈಗ ಎಳೆಯುವುದಿರಲಿ, ತಿರುಗಿಸಲೂ ಬರುತ್ತಿರಲಿಲ್ಲ.

“ಬಳೆ ತೆಗೆಯೋ ವಿದ್ಯೆ ಹೆಂಗಸರಿಗೆ ಗೊತ್ತಿರುತ್ತೆ. ನಿಮ್ಮ ಮನೆಯವರನ್ನೇ ಕೇಳೋಣ” ಎಂದಳು ಟಿಕೆಟ್ ಅಕ್ಕ. ಚೀಟಿಯಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ ಫೋನು ಹಚ್ಚಿಯಾಗಿತ್ತು.

“ಏನಿಲ್ಲಮ್ಮ, ನಿಮ್ಮವರ ಕೈಯಲ್ಲಿ ಒಂದು ಕಡಗ ಸಿಕ್ಕಿಕೊಂಡಿದೆ. ಹೂಂ, ಹೆಂಗಸರದು... ಯಾವ ಹೆಂಗಸು ಅಂತ ನನಗೇನು ಗೊತ್ತು?... ಇಲ್ಲ, ಬಾಗಿಲು ಹಾಕ್ಕೊಂಡು ಒಬ್ಬರೇ ಇದ್ದರು... ಹೂಂ, ಕೊಡ್ತೀನಿ ಇರಿ.”

ಫೋನಿನಲ್ಲಿ ಹೆಂಡತಿಯ ದನಿ ತಣ್ಣಗಿತ್ತು. ಅದು ಬಿಸಿಯಾಗಿದ್ದಾಗಲೇ ವಾಸಿ ಎಂದು ಚೀಟಿಯಪ್ಪನಿಗೆ ಅನುಭವದಿಂದ ಗೊತ್ತು.

“ಮದುವೆಯಾಗಿ ಹದಿನಾಲ್ಕು ವರ್ಷ. ನನ್ನ ಕೈಗೆ ಒಂದು ತಗಡಿನ ಬಳೆ ತಂದಿಲ್ಲ. ಈಗ ಬೆಳ್ಳೀದು ತಾವೇ ಹಾಕ್ಕೊಂಡು ಕೂತಿದ್ದೀರಂತೆ?”

“ಲೇ, ಇದು ಆಫೀಸಿನ ಕೆಲಸ.”

“ಒಳ್ಳೇ ಆಫೀಸು. ಖಾಯಂ ಆದ ಸುದ್ದಿ ತಗೊಂಡೇ ಮನೆಗೆ ಬನ್ನಿ. ಇಲ್ಲದಿದ್ದರೆ ಕಡಗ ಹಾಕ್ಕೊಂಡು ಅಲ್ಲೇ ಗಾಜಿನ ಪೆಟ್ಟಿಗೇಲಿ ಕೂತ್ಕೊಳ್ಳಿ.”

ಇಷ್ಟರಲ್ಲಿ ಹೊರಗೆ ಕ್ಯೂರೇಟರ್ ಸಾಹೇಬರ ಬೂಟಿನ ಸದ್ದು ಕೇಳಿಸಿತು. ಕಾವಲುಗಾರ ಕಿತ್ತ ಸರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಟಿಕೆಟ್ ಅಕ್ಕ ಧೂಳು ಒರೆಸುವ ಬಟ್ಟೆಯನ್ನು ಚೀಟಿಯಪ್ಪನ ಕೈಗೆ ಸುತ್ತಿ, ಎರಡು ತುದಿಯನ್ನೂ ಅವನ ಕುತ್ತಿಗೆಗೆ ಕಟ್ಟಿ, ಜೋಲಿ ಮಾಡಿಬಿಟ್ಟಳು.

“ಕೈಗೇನಾಯ್ತು?” ಎಂದರು ಸಾಹೇಬರು.

“ಉಳುಕಿತು ಸರ್.”

“ಬಲಗೈ ಅಲ್ಲ ತಾನೆ? ಚೀಟಿ ಬರೀಬೇಕು.”

“ಎಡಗೈ ಸರ್.”

“ಹಾಗಾದರೆ ಚಿಂತೆಯಿಲ್ಲ. ಕಡಗ ಎಲ್ಲಿ?”

“ಭದ್ರವಾಗಿದೆ ಸರ್.”

“ಬೀಗ ಹಾಕಿದ್ದೀರಾ?”

“ಯಾರು ಎಳೆದರೂ ಬರದ ಹಾಗೆ ಇಟ್ಟಿದ್ದೀನಿ ಸರ್” ಎಂದ ಚೀಟಿಯಪ್ಪ. ಆ ದಿನ ಅವನು ಆಡಿದ ಮಾತುಗಳಲ್ಲಿ ಇಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ.

“ಭೇಷ್. ನಾಲ್ಕು ಗಂಟೆ ಮರೀಬೇಡಿ. ಅದು ಮಾವನ ಕಡಗ ಅಂತಲೇ ನನ್ನ ಮನಸ್ಸು ಹೇಳ್ತಿದೆ” ಎಂದು ಸಾಹೇಬರು ಕೈ ಉಜ್ಜಿಕೊಳ್ಳುತ್ತ ಹೋದರು.

ಊಟದ ಬಿಡುವಿನಲ್ಲಿ ಚೀಟಿಯಪ್ಪ ಜೋಲಿ ಸಮೇತ ಓಡಿದ. ಮೂರು ಬೀದಿ ಆಚೆ ಒಬ್ಬ ಅಕ್ಕಸಾಲಿಯಿದ್ದ. ಒಂದು ಕಿಟಕಿಯಷ್ಟೇ ಅಗಲದ ಅಂಗಡಿ. ಬೆಳ್ಳಿಯ ಪುಡಿ ನೆಲಕ್ಕೆ ಬೀಳದಂತೆ ಮೇಜಿನಿಂದ ಅವನ ಮಡಿಲಿನವರೆಗೆ ಒಂದು ಚರ್ಮದ ತುಂಡು ಇಳಿಬಿದ್ದಿತ್ತು. ಅವನು ಜೋಲಿ ಬಿಚ್ಚಿ ನೋಡಿದ. ಮುಖದಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ.

“ಕತ್ತರಿಸಬೇಕು.”

“ಕೈಯನ್ನಾ?”

“ನಿಮ್ಮಿಷ್ಟ. ನಾನಾದರೆ ಕಡಗ ಕತ್ತರಿಸ್ತೀನಿ. ಹಳೇ ಬೆಸುಗೆ ಇದ್ದ ಜಾಗದಲ್ಲೇ ಕೊಯ್ದು, ಅಲ್ಲೇ ಮತ್ತೆ ಬೆಸೆದುಬಿಡ್ತೀನಿ. ಮಾಡಿದೋನೇ ಎದ್ದು ಬಂದರೂ ಗುರುತು ಹಿಡೀಬಾರದು.”

ಚೀಟಿಯಪ್ಪನ ಜೀವ ಬಾಯಿಗೆ ಬಂತು. ಹನ್ನೊಂದು ವರ್ಷ ಅವನು ಇಂಥ ವಸ್ತುಗಳನ್ನು ಎರಡು ಬೆರಳಿನ ತುದಿಯಿಂದ ಮುಟ್ಟಿದವನು. ಆದರೆ ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು, ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. “ಬೆಸುಗೆಯ ಪಕ್ಕದಲ್ಲೇ ಮುದ್ರೆಯಿದೆ, ಜೋಪಾನ” ಎಂದು ಹೇಳಿ ಕಣ್ಣು ಮುಚ್ಚಿಕೊಂಡ. ಅಕ್ಕಸಾಲಿ ಹೂಂ ಎಂದ. ಅವನು ಹೂಂ ಎಂದದ್ದು ಗರಗಸದ ಅಲಗನ್ನು ಪರೀಕ್ಷಿಸುತ್ತ.

ಎಂಟು ನಿಮಿಷದಲ್ಲಿ ಕಡಗ ಬಾಯಿ ತೆರೆಯಿತು, ಕೈ ಹೊರಬಂತು. ಚೀಟಿಯಪ್ಪ ಕಣ್ಣು ಬಿಟ್ಟು ಮಣಿಕಟ್ಟು ನೋಡಿಕೊಂಡ. ನೋಡಿದವನೇ ಕೂತಲ್ಲಿಂದ ಎದ್ದುಬಿಟ್ಟ.

ಹಕ್ಕಿ! ಮೂರೂವರೆ ಗಂಟೆ ಅದುಮಿಕೊಂಡಿದ್ದ ಮುದ್ರೆ ಕೆಂಪು ಚರ್ಮದ ಮೇಲೆ ಉಬ್ಬಿ ನಿಂತಿತ್ತು. ಕೊಕ್ಕು, ರೆಕ್ಕೆಯ ಮೂರು ಗೆರೆ, ಎತ್ತಿದ ಬಾಲ, ಕಣ್ಣಿನ ಚುಕ್ಕೆ ಕೂಡ. ಅವನು ಬೆಳಕಿಗೆ ಹಿಡಿದ, ಭೂತಗನ್ನಡಿ ಹಚ್ಚಿದ, ಉಸಿರು ಬಿಗಿಹಿಡಿದು ನೋಡಿದ. ಸಂಶಯವೇ ಇಲ್ಲ. ಹಕ್ಕಿ ಎಡಕ್ಕೆ ನೋಡುತ್ತಿತ್ತು.

ಅಳಿಯ.

ಅವನ ಮುಖ ಇಳಿದುಹೋಯಿತು. ಒಂದು ಸಲವಾದರೂ ಮಾವನ ಕೈಕೆಲಸವನ್ನು ತನ್ನ ಕೈಯಿಂದ ಗುರುತಿಸಬೇಕೆಂಬ ಆಸೆ ಅವನಿಗೆ ಎಷ್ಟು ಇತ್ತೆಂಬುದು ಅವನಿಗೇ ಗೊತ್ತಾದದ್ದು ಆಗ. ಕೈಯನ್ನೇ ನೋಡುತ್ತ ಎಷ್ಟು ಹೊತ್ತು ನಿಂತಿದ್ದನೋ, ಅಕ್ಕಸಾಲಿ ಬೆಸುಗೆ ಮುಗಿಸಿ, ಅರದಿಂದ ಉಜ್ಜಿ, ಕಡಗವನ್ನು ನೀರಿನಲ್ಲಿ ಚುಂಯ್ ಎನ್ನಿಸಿ ಅವನ ಮುಂದೆ ಹಿಡಿದ.

“ನೋಡಿ, ಎಲ್ಲಿ ಬೆಸೆದಿದ್ದು ಹೇಳಿ?”

ಚೀಟಿಯಪ್ಪ ಒಳಮೈ ನೋಡಿದ. ಎಲ್ಲಿ ಬೆಸೆದದ್ದೋ ಗೊತ್ತಾಗಲಿಲ್ಲ. ಮುದ್ರೆ ಎಲ್ಲಿತ್ತು ಎಂಬುದೂ ಗೊತ್ತಾಗಲಿಲ್ಲ.

“ಇಲ್ಲೊಂದು ಮುದ್ರೆ ಇತ್ತಲ್ಲ?”

“ಮುದ್ರೆಯೋ ಏನೋ, ಒಂದು ಗೀರು ಇತ್ತು. ಅಸಹ್ಯವಾಗಿ ಕಾಣ್ತಿತ್ತು, ಅದನ್ನೂ ತೆಗೆದು ನುಣ್ಣಗೆ ಮಾಡಿದ್ದೀನಿ. ಅದಕ್ಕೆ ಬೇರೆ ಏನೂ ಕೊಡೋದು ಬೇಡ.”

ಚೀಟಿಯಪ್ಪ ಗೋಡೆ ಹಿಡಿದುಕೊಂಡ. ಅಂಗಡಿ ಒಂದು ಸುತ್ತು ತಿರುಗಿ ನಿಂತಿತು. ನಿಂತ ಮೇಲೆ, ನಿಧಾನವಾಗಿ, ಅವನ ತಲೆಯಲ್ಲಿ ಒಂದು ದೀಪ ಹೊತ್ತಿಕೊಂಡಿತು. ಕಡಗ ಅಳಿಯನದು. ಅಳಿಯನದೆಂದರೆ ಬೀರು ಬೀರಿನಲ್ಲೂ ಬಿದ್ದಿರುವಂಥದು. ಅದನ್ನು ಕೊಯ್ದರೇನು, ಬೆಸೆದರೇನು, ಅರ ಹಾಕಿದರೇನು? ಕೇಳಿದ್ದು ಬಲವೋ ಎಡವೋ ಎಂಬುದನ್ನು. ಅದು ಓದಿ ಆಗಿದೆ. ಬೆಳಿಗ್ಗೆಯಿಂದ ಮಾವ ಮಾವ ಎಂದು ಜಪಿಸುತ್ತಿದ್ದವನು, ಸಂಗ್ರಹಾಲಯಕ್ಕೆ ವಾಪಸು ನಡೆಯುತ್ತ, ಅಳಿಯನ ಆತ್ಮಕ್ಕೆ ನೂರು ಸಲ ಕೈಮುಗಿದ.

ನಾಲ್ಕು ಗಂಟೆಗೆ ಸರಿಯಾಗಿ ಅಜ್ಜಿ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಟಿಕೆಟ್ ಅಕ್ಕ ನೀರು ತರುವ ನೆಪದಲ್ಲಿ, ಕಾವಲುಗಾರ ಕಾವಲಿನ ನೆಪದಲ್ಲಿ ಬಾಗಿಲ ಬಳಿ ನಿಂತರು. ಚೀಟಿಯಪ್ಪ ಕಡಗವನ್ನು ಕರವಸ್ತ್ರದ ಮೇಲಿಟ್ಟು, ಅಂಗಿಯ ತೋಳನ್ನು ಬೆರಳವರೆಗೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡ.

“ಹಕ್ಕಿ ಎಡಕ್ಕೆ ನೋಡ್ತಿದೆ ಸರ್. ಇದು ಅಳಿಯನ ಕಡಗ.”

ಕ್ಯೂರೇಟರ್ ಸಾಹೇಬರ ಮುಖ ಬಾಡಿತು. “ಖಂಡಿತವಾ? ಹೇಗೆ ಓದಿದಿರಿ?”

“ಬರಿಗೈಯಿಂದ ಸರ್. ನೀವು ಬೇಡ ಅಂದಿದ್ದ ಯಾವುದರಿಂದಲೂ ಓದಿಲ್ಲ.”

ಅಜ್ಜಿ ಎರಡು ಕೈಯನ್ನೂ ಎದೆಯ ಮೇಲಿಟ್ಟುಕೊಂಡು ಉಸಿರು ಬಿಟ್ಟರು. “ಅಳಿಯನದಾ? ಅಬ್ಬ, ಬದುಕಿದೆ! ಮನೇಲಿ ಜಗಳವೇ ನಿಂತುಹೋಯ್ತು. ಇನ್ನು ಅದನ್ನ ಯಾರೂ ಮೂಸಿ ನೋಡಲ್ಲ. ನಾನೇ ಹಾಕ್ಕೊಂಡು ಹಾಯಾಗಿ ಇರ್ತೀನಿ. ನಿಮ್ಮ ಹೊಟ್ಟೆ ತಣ್ಣಗಿರಲಪ್ಪ.”

ಸಾಹೇಬರು ಚೀಟಿಯಪ್ಪನ ಕಡೆ ತಿರುಗಿದರು. “ನನಗೆ ಬೇಜಾರಾಗಿದೆ, ನಿಜ. ಆದರೆ ನಾನು ಮಾವ ಅಂತ ಕುಣೀತಿದ್ದದ್ದು ನಿಮಗೆ ಗೊತ್ತಿತ್ತು. ಬೇರೆಯವನಾಗಿದ್ದರೆ ಹೌದು ಸರ್ ಮಾವನದೇ ಅಂದುಬಿಡ್ತಿದ್ದ. ನೀವು ಕಂಡದ್ದನ್ನ ಹೇಳಿದಿರಿ. ಸಂಗ್ರಹಾಲಯಕ್ಕೆ ಬೇಕಾದ್ದು ಇಂಥೋರೇ.” ಡ್ರಾಯರ್ ಎಳೆದು ಟೈಪಾದ ಕಾಗದ ಹೊರತೆಗೆದರು. ತಾವು ಸಹಿ ಹಾಕಿದರು. “ಇಲ್ಲಿ ನಿಮ್ಮದೊಂದು. ತಡೀರಿ, ಕೈಯೆಲ್ಲ ಏನದು ಜಿಡ್ಡು? ಕಾಗದಕ್ಕೆ ಹತ್ತುತ್ತೆ, ತೊಳ್ಕೊಂಡು ಬನ್ನಿ.”

ಚೀಟಿಯಪ್ಪ ನೆಲ ಮುಟ್ಟದೆ ನಡೆದು ಕೈತೊಳೆಯುವ ಕೋಣೆಗೆ ಹೋದ. ನಲ್ಲಿ ತಿರುಗಿಸಿ, ತೋಳು ಮೇಲಕ್ಕೇರಿಸಿ, ಖಾಯಂ ನೌಕರನ ಮುಖ ಹೇಗಿರುತ್ತದೆ ನೋಡೋಣವೆಂದು ಎದುರಿನ ಕನ್ನಡಿಯತ್ತ ಕಣ್ಣೆತ್ತಿದ. ಕನ್ನಡಿಯಲ್ಲಿ ಅವನ ಮುಖವಿತ್ತು. ಮುಖದ ಕೆಳಗೆ ಎತ್ತಿಹಿಡಿದ ಮುಂಗೈ ಇತ್ತು. ಮುಂಗೈಯ ಮೇಲೆ, ಮಸುಕಾಗುತ್ತಿದ್ದ ಹಕ್ಕಿ ಬಲಕ್ಕೆ ನೋಡುತ್ತಿತ್ತು.

ಅವನು ಕೈ ನೋಡಿಕೊಂಡ. ಎಡ. ಕನ್ನಡಿ ನೋಡಿದ. ಬಲ.

ಮೇಣಕ್ಕಾಗಲಿ ಮಸಿಗಾಗಲಿ ಚರ್ಮಕ್ಕಾಗಲಿ ಒತ್ತಿದ ಮುದ್ರೆ ತಿರುಗಿ ಬೀಳುತ್ತದೆ. ಇದು ಈ ವಿದ್ಯೆಯ ಮೊದಲ ಪಾಠ. ಹನ್ನೊಂದು ವರ್ಷದಲ್ಲಿ ಅವನು ಎಷ್ಟೋ ಮೇಣದ ಅಚ್ಚುಗಳನ್ನು ತಿರುಗಿಸಿ ಓದಿದ್ದ. ತನ್ನ ಕೈಯನ್ನು ತಿರುಗಿಸಿ ಓದಬೇಕೆಂದು ಮಾತ್ರ ಹೊಳೆದಿರಲಿಲ್ಲ. ಚರ್ಮದ ಮೇಲೆ ಎಡಕ್ಕೆ ನೋಡುವ ಹಕ್ಕಿ ಕಡಗದ ಮೇಲೆ ಬಲಕ್ಕೆ ನೋಡುತ್ತಿತ್ತು. ಅದು ಮಾವನ ಕಡಗ. ಉಳಿದ ಏಳೆಂಟರಲ್ಲಿ ಒಂದು. ಅದನ್ನು ಅವನು ಕೊಯ್ಸಿ, ಬೆಸೆಸಿ, ಮುದ್ರೆಯನ್ನು ನುಣ್ಣಗೆ ಅಳಿಸಿ ತಂದಿದ್ದ.

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಬಾಯಿ ಮುಚ್ಚಿಕೊಂಡು ಹೋಗಿ ಸಹಿ ಹಾಕಿದರೆ ಮುಗಿಯಿತು. ಅಜ್ಜಿಗೂ ಸಂತೋಷ, ಮನೆಯಲ್ಲಿ ಹೆಂಡತಿಗೂ ಸಂತೋಷ, ಸತ್ತ ಮಾವ ಎದ್ದು ಬಂದು ಕೇಳುವುದಿಲ್ಲ. ಇಷ್ಟೆಲ್ಲ ಅವನಿಗೆ ತಿಳಿಯುತ್ತಿತ್ತು. ಆದರೆ ಗೊತ್ತಿದ್ದೂ ಗೊತ್ತಿದ್ದೂ ಒಂದು ತಪ್ಪು ಚೀಟಿಯನ್ನು ಅವನು ಈವರೆಗೆ ಬರೆದಿರಲಿಲ್ಲ. ಆ ಒಂದು ವಿಷಯದಲ್ಲಿ ಅವನಿಗೆ ಒಣಹೆಮ್ಮೆ ಇತ್ತು, ಬೇರೆ ಹೆಮ್ಮೆಗೆ ಆಸ್ಪದವಿರಲಿಲ್ಲವಾದ್ದರಿಂದ. ಕೈ ಒರೆಸಿಕೊಳ್ಳುವುದನ್ನೂ ಮರೆತು ಅವನು ಓಡಿಬಂದ.

“ಸರ್, ಅದು ಮಾವನದು!”

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ತೊಟ್ಟದ್ದು, ಸಿಕ್ಕಿದ್ದು, ಕೊಯ್ದದ್ದು, ಬೆಸೆದದ್ದು, ಮುದ್ರೆ ಅಳಿಸಿಹೋದದ್ದು, ಕನ್ನಡಿ. ಕಾವಲುಗಾರ ಮೇಲ್ಛಾವಣಿ ನೋಡಿದ. ಕಿತ್ತ ಸರಳಿನ ಸುದ್ದಿ ಬಾರದ್ದಕ್ಕೆ ಅವನಿಗೆ ಸಮಾಧಾನವಾಯಿತು.

“ಎಲ್ಲಿ, ಹಕ್ಕಿ ತೋರಿಸಿ” ಎಂದರು ಸಾಹೇಬರು.

ಚೀಟಿಯಪ್ಪ ಮುಂಗೈ ಚಾಚಿದ. ನೀರು ಬಿದ್ದ ಚರ್ಮ ಸಡಿಲಾಗಿತ್ತು. ಅಲ್ಲಿ ಹಕ್ಕಿಯಿರಲಿಲ್ಲ, ಒಂದು ಕೆಂಪು ಮಚ್ಚೆಯಿತ್ತು. ಸೊಳ್ಳೆ ಕಚ್ಚಿದ್ದೆಂದರೂ ಯಾರೂ ಅಲ್ಲವೆನ್ನುವಂತಿರಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ. “ನೋಡಿ ಚೀಟಿಯಪ್ಪ. ಎರಡು ದಿನದಿಂದ ನಿದ್ದೆಗೆಟ್ಟು ಕೂತಿದ್ದೀರಿ, ಕಣ್ಣು ಸೋತಿದೆ. ಎಡ ಬಲ ಯಾರಿಗಾದರೂ ಕಲಸಿಹೋಗುತ್ತೆ. ಇದು ಅಳಿಯನ ಕಡಗವಾದರೆ, ಒಂದು ಸಾಧಾರಣ ಹಳೇ ಕಡಗಕ್ಕೆ ನೀವು ಬೆಸುಗೆ ಹಾಕಿಸಿದ್ದೀರಿ, ಅಷ್ಟೆ. ಅದು ದೊಡ್ಡ ತಪ್ಪಲ್ಲ, ನಾನು ಕಿವಿಗೆ ಹಾಕ್ಕೊಳ್ಳಲ್ಲ. ಮಾವನದಾದರೆ ಮಾತ್ರ...” ಅವರು ಕಾಗದದ ಮೇಲೆ ಅಂಗೈ ಇಟ್ಟರು. “ಅದು ಬೇರೆ ಮಾತು. ಮುದ್ರೆ ಇಲ್ಲ, ಗುರುತಿಲ್ಲ, ಸಾಕ್ಷಿಯಿಲ್ಲ. ನಿಮಗೆ ಖಂಡಿತವಾ? ಯೋಚನೆ ಮಾಡಿ ಹೇಳಿ.”

ಚೀಟಿಯಪ್ಪ ಯೋಚನೆ ಮಾಡಿದ. ಸತ್ಯವನ್ನು ಹೇಳಿಯಾಗಿತ್ತು. ನಂಬದಿದ್ದರೆ ಅದು ತನ್ನ ತಪ್ಪಲ್ಲ. ಕರ್ತವ್ಯ ಮುಗಿಸಿದ ಮನುಷ್ಯನಿಗೆ ಬರುವ ಒಂದು ತೃಪ್ತಿ ಅವನ ಎದೆಯಲ್ಲಿ ಹಗುರವಾಗಿ ಹರಡಿತು. ಎದುರಿಗೆ ಕಾಗದ, ಕಾಗದದ ಪಕ್ಕ ಪೆನ್ನು. “ಇರಬಹುದು ಸರ್. ನಿದ್ದೆಗೆಟ್ಟಿದ್ದೇನೆ” ಎಂದು ಅವನು ಪೆನ್ನನ್ನು ಕೈಗೆತ್ತಿಕೊಂಡ. ಬಾಗಿಲಲ್ಲಿ ಟಿಕೆಟ್ ಅಕ್ಕ ಕಣ್ಣೊರೆಸಿಕೊಂಡಳು.

ಇಷ್ಟು ಹೊತ್ತೂ ಅಜ್ಜಿ ಅವನ ಒದ್ದೆ ಕೈಯನ್ನೂ ಕೆಂಪು ಕಣ್ಣನ್ನೂ ನೋಡುತ್ತಿದ್ದರು. ಅವರಿಗೆ ಕರುಳು ಚುರುಕ್ಕೆಂದಿತು.

“ಪಾಪ, ಆ ಮಗನನ್ನ ಯಾಕೆ ಸುಳ್ಳುಗಾರ ಮಾಡ್ತೀರಿ ಸ್ವಾಮಿ? ಅವನು ಹೇಳ್ತಿರೋದು ಸತ್ಯ. ಅದು ಮಾವನದೇ.”

ಪೆನ್ನು ಗಾಳಿಯಲ್ಲೇ ನಿಂತಿತು.

“ನಾನು ಮದುವೆಯಾಗಿ ಬಂದಾಗ ಹಕ್ಕಿ ಎಷ್ಟು ಚೆನ್ನಾಗಿ ಕಾಣ್ತಿತ್ತು! ಬಲಕ್ಕೇ ನೋಡ್ತಿತ್ತು. ಐವತ್ತು ವರ್ಷ ಉಜ್ಜಿ ಉಜ್ಜಿ ಸವೆಸಿದೋಳು ನಾನೇ. ಇದರ ಜೊತೆ ಆ ಅಕ್ಕಸಾಲಿ ಬರೆದುಕೊಟ್ಟ ಕಾಗದ ಕೂಡ ಇದೆ, ಹಕ್ಕಿ ಅಚ್ಚು ಸಮೇತ. ಸೊಸೆಯಂದಿರ ಕಣ್ಣಿಗೆ ಬೀಳಬಾರದು ಅಂತ ರವಿಕೆಯೊಳಗೇ ಇಟ್ಕೊಂಡು ಓಡಾಡ್ತೀನಿ. ಇಲ್ಲಿ ಯಾರಿಗೂ ಓದೋಕೆ ಬರಲ್ಲ, ಗೊತ್ತಾಗಲಿಲ್ಲ ಅಂತ ಹೇಳಿ ಕಳಿಸ್ತೀರಿ, ಸೊಸೆಯಂದಿರ ಜಗಳವೂ ತಣ್ಣಗಾಗುತ್ತೆ ಅಂದ್ಕೊಂಡೇ ನಾನು ಬಂದಿದ್ದು.” ಅಜ್ಜಿ ನಾಲ್ಕು ಮಡಿಕೆಯ ಹಳದಿ ಕಾಗದವನ್ನು ತೆಗೆದು ಸಾಹೇಬರ ಮುಂದೆ ಬಿಡಿಸಿಟ್ಟರು. “ಇಷ್ಟು ನಿಯತ್ತಿನ ಹುಡುಗನ ಮಾತು ಬಿದ್ದುಹೋಗೋದನ್ನ ನೋಡ್ತಾ ಕೂರೋಕೆ ನನ್ನಿಂದಾಗಲಿಲ್ಲ. ನೋಡ್ಕೊಳ್ಳಿ.”

ಸಾಹೇಬರು ನೋಡಿಕೊಂಡರು. ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಎದ್ದು ಬಂದು ಚೀಟಿಯಪ್ಪನ ಕೈ ಹಿಡಿದು ಕುಲುಕಿದರು. “ನೀವು ಓದಿದ್ದು ಸರಿ. ನನ್ನ ಕಾಲದಲ್ಲಿ ಇಂಥ ಓದು ನಾನು ಕಂಡಿಲ್ಲ.” ಹೀಗೆ ಹೇಳಿ ಅವನ ಬೆರಳುಗಳಿಂದ ಪೆನ್ನನ್ನು ಬಿಡಿಸಿಕೊಂಡು, ಖಾಯಂ ಆರ್ಡರನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. “ನಾಳೆಯಿಂದ ಬರಬೇಡಿ.”

ಗುಟ್ಟು ಬಯಲಾದ ಕಡಗವನ್ನು ಮನೆಗೆ ಒಯ್ದರೆ ಸೊಸೆಯಂದಿರು ಮನೆಯನ್ನೇ ಎರಡು ಮಾಡಿಯಾರೆಂದು ಅಜ್ಜಿ ಅದನ್ನು ಸಂಗ್ರಹಾಲಯಕ್ಕೇ ಕೊಟ್ಟುಬಿಟ್ಟರು. ಬಾಗಿಲು ಹಾಕುವ ಮುಂಚೆ ಗಾಜಿನ ಪೆಟ್ಟಿಗೆಯೊಳಗೆ ಇಡಬೇಕಿತ್ತು. ಚೀಟಿ ಬರೆಯಲು ಬೇರೆ ಯಾರೂ ಇರಲಿಲ್ಲ. ಸಾಹೇಬರು ನಿಂತು ಹೇಳಿದರು, ಚೀಟಿಯಪ್ಪ ಕೂತು ಬರೆದ. ಬೆಳ್ಳಿ ಕಡಗ. ನೂರೈವತ್ತು ವರ್ಷ ಹಳೆಯದು. ಮಾವನ ಕೈಕೆಲಸ. ಮುದ್ರೆ ಅಳಿಸಿಹೋಗಿದೆ. ಅಳಿಸಿದವರು—

“ನಿಯಮ ನಿಯಮವೇ. ಹಾನಿ ಮಾಡಿದವರ ಹೆಸರು ಚೀಟೀಲಿ ಇರಬೇಕು” ಎಂದರು ಸಾಹೇಬರು.

“ಪೂರ್ತಿ ಹೆಸರು ಬರೀಲಾ ಸರ್?”

“ಪೂರ್ತಿ ಬರೀರಿ.”

ಅವನು ತನ್ನ ಪೂರ್ತಿ ಹೆಸರನ್ನು ದುಂಡಗೆ ಬರೆದು ಶಾಯಿ ಆರಲೆಂದು ಊದಿದ. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದರು.

“ಆಹಾ, ಎಷ್ಟು ಮುದ್ದಾದ ಅಕ್ಷರ! ಸ್ವಾಮಿ, ಇಂಥ ಹುಡುಗನನ್ನ ಮಾತ್ರ ಕಳ್ಕೋಬೇಡಿ” ಎಂದು ಸಾಹೇಬರಿಗೆ ಶಿಫಾರಸು ಮಾಡಿ, ಅವರು ಹಗುರವಾದ ಕೈ ಬೀಸಿಕೊಂಡು ಮನೆಗೆ ಹೊರಟರು.